ಈ ವರ್ಷವೋ, ಮುಂದಿನ ವರ್ಷವೋ

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹೊತ್ತು ನೋಡುತ್ತಾರೆ. ಹೊಸ ಮಿಕ್ಸಿಯ ಗುಂಡಿ ಒತ್ತುವುದಕ್ಕೂ ನಮ್ಮತ್ತೆಗೆ ರಾಹುಕಾಲ ಕಳೆದಿರಬೇಕು. ಇಂಥ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೂ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಲು ಸರಿಯಾದ ಹೊತ್ತು ಯಾವುದು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಹದಿನೇಳರಲ್ಲಿ ಮಾಡಬೇಕಾದ ಕೆಲಸವನ್ನು ನಲವತ್ತೈದರಲ್ಲಿ ಮಾಡುತ್ತಿರಲಿಲ್ಲ.

ಹದಿನೇಳರಲ್ಲಿ ನನಗೆ ಮನಸ್ಸಿತ್ತು, ಅಂಕಗಳೂ ಇದ್ದವು. ಆದರೆ ಅದು ಅಕ್ಕನ ಮದುವೆಯ ವರ್ಷ. ಮುಂದಿನ ವರ್ಷ ನೋಡೋಣ ಎಂದರು ಅಪ್ಪ. ಮುಂದಿನ ವರ್ಷ ಅಜ್ಜಿ ಹಾಸಿಗೆ ಹಿಡಿದರು. ಅದರ ಮುಂದಿನ ವರ್ಷ ಯಾರೂ ಏನೂ ಹೇಳಬೇಕಾಗಲಿಲ್ಲ, ನಾನು ಆಗಲೇ ಬಿ.ಎಸ್ಸಿ.ಯ ಬೆಂಚಿನಲ್ಲಿ ಕೂತಿದ್ದೆ. ಯಾರಾದರೂ ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ‘ಮುಂದಿನ ವರ್ಷ’ದ ಜೊತೆ ಹೇಗೆ ಜಗಳವಾಡುವುದು? ಅದು ಬಹಳ ಮರ್ಯಾದಸ್ಥ ಮಾತು. ನಗುನಗುತ್ತಾ ಒಳಗೆ ಬರುತ್ತದೆ, ಕೂರುತ್ತದೆ, ಕಾಫಿ ಕುಡಿಯುತ್ತದೆ, ಆಮೇಲೆ ಎದ್ದು ಹೋಗುವುದನ್ನೇ ಮರೆತುಬಿಡುತ್ತದೆ.

ಮದುವೆಯಾಗಿ ಶಂಕರಪುರಕ್ಕೆ ಬಂದೆ. ಯಜಮಾನರಿಗೆ ಪೇಟೆಯಲ್ಲಿ ಅವರ ತಾತನ ಕಾಲದ ಪಾತ್ರೆ ಅಂಗಡಿ. ಮಹಡಿಯ ಕೋಣೆಯಲ್ಲಿ ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಟ್ಯೂಷನ್ ಶುರು ಮಾಡಿದೆ. ಪ್ರತಿ ವರ್ಷ ಒಂದಷ್ಟು ಮಕ್ಕಳನ್ನು ಹೃದಯದ ನಾಲ್ಕೂ ಕೋಣೆಗಳಲ್ಲಿ ಸುತ್ತಾಡಿಸಿ, ಮೂತ್ರಪಿಂಡದ ಗಲ್ಲಿಗಲ್ಲಿ ತೋರಿಸಿ, ಮೆಡಿಕಲ್ ಕಾಲೇಜಿನ ಬಾಗಿಲಿಗೆ ಬಿಟ್ಟುಬರುತ್ತಿದ್ದೆ. ಬಸ್ ಕಂಡಕ್ಟರಿನ ಬಾಳು ಅದು: ಎಲ್ಲರನ್ನೂ ಅವರವರ ಸ್ಟಾಪಿನಲ್ಲಿ ಇಳಿಸಿ, ತಾನು ಮಾತ್ರ ಡಿಪೋಗೆ ವಾಪಸ್. ತಾಯ್ತಂದೆಯರು ಬಂದು, ಈ ವರ್ಷವೇ ಸಿಕ್ಕಿದ್ದಕ್ಕೆ ಸೇರಿಸಿಬಿಡುವುದೋ, ಒಂದು ವರ್ಷ ಮನೆಯಲ್ಲಿ ಕೂರಿಸಿ ಮತ್ತೆ ಬರೆಸುವುದೋ ಎಂದು ಕೇಳುತ್ತಿದ್ದರು. ನಾನು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಬಹಳ ಗಂಭೀರವಾಗಿ ಸಲಹೆ ಕೊಡುತ್ತಿದ್ದೆ. ಬೇರೆಯವರ ವರ್ಷಗಳ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನ ಬಂದದ್ದಿಲ್ಲ.

ಹೀಗಿರುವಾಗ ನಮ್ಮ ಮಗಳು ಪೂರ್ವಿ ಎರಡನೇ ಪಿಯುಸಿಗೆ ಬಂದಳು. ಅವಳು ಡಾಕ್ಟರಾಗುವುದು ಅವಳು ಹುಟ್ಟಿದಾಗಲೇ ತೀರ್ಮಾನವಾದಂತಿತ್ತು. ಯಾರು ತೀರ್ಮಾನಿಸಿದರು ಎಂದು ಯಾರೂ ವಿಚಾರಿಸಿರಲಿಲ್ಲ. ನೀಟ್ ಅರ್ಜಿ ತುಂಬುವ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ನಿಯಮಗಳನ್ನು ಓದುತ್ತಿದ್ದಳು. ವಯಸ್ಸಿನ ಮಿತಿಯ ಸಾಲು ಬಂದಾಗ ನಕ್ಕಳು. ಹದಿನೇಳು ತುಂಬಿರಬೇಕು, ಅದಕ್ಕಿಂತ ಮೇಲೆ ಎಷ್ಟಾದರೂ ಆಗಬಹುದಂತೆ. ನೀನೂ ಬರೀಬಹುದು ಅಮ್ಮ ಎಂದಳು. ಎಲ್ಲರೂ ನಕ್ಕೆವು. ನನ್ನ ನಗು ಮಾತ್ರ ಉಳಿದವರಿಗಿಂತ ಸ್ವಲ್ಪ ಮೊದಲೇ ನಿಂತುಹೋಯಿತು.

ವಾರವೆಲ್ಲ ಆ ಸಾಲು ತಲೆಯಲ್ಲಿ ಕೂತಿತು. ಸಾರಿಗೆ ಒಗ್ಗರಣೆ ಹಾಕುವಾಗ, ಮಕ್ಕಳಿಗೆ ನರವ್ಯೂಹ ಬಿಡಿಸಿ ತೋರಿಸುವಾಗ, ಎಷ್ಟಾದರೂ ಆಗಬಹುದು, ಎಷ್ಟಾದರೂ ಆಗಬಹುದು ಎಂದು ಒಳಗೆ ಯಾರೋ ಹೇಳುತ್ತಿದ್ದರು. ಕೊನೆಗೆ ಒಂದು ಭಾನುವಾರ ಊಟಕ್ಕೆ ಕೂತಾಗ, ನಾನೂ ಈ ವರ್ಷ ಬರೆಯುತ್ತೇನೆ ಎಂದೆ. ಬರೀ ಹೇಳಿ ನೋಡಿದ್ದಲ್ಲ, ನಿಜವಾಗಿಯೇ ಹೇಳಿದೆ. ಯಜಮಾನರು ತಟ್ಟೆಯಿಂದ ತಲೆಯೆತ್ತಿದರು. ಅವರಿಗೆ ಅಂಗಡಿಯಲ್ಲಿ ಕುಕ್ಕರು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಲೆಕ್ಕ ಹೇಳಿ ಅಭ್ಯಾಸ.

“ನೀನು ಡಾಕ್ಟ್ರಾಗೋ ಹೊತ್ತಿಗೆ ನಾವೆಲ್ಲ ಪೇಷೆಂಟ್ ಆಗಿರ್ತೀವಿ ಕಣೇ.”

“ಅದೇ ಸರಿಯಾಯ್ತಲ್ಲೋ” ಎಂದರು ಅತ್ತೆ, ಮಜ್ಜಿಗೆ ಬಡಿಸಿಕೊಳ್ಳುತ್ತಾ.

ಅತ್ತೆಯ ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕೀತು ಎಂದು ನಾನು ಎಣಿಸಿರಲಿಲ್ಲ. ಅವರ ವಿರುದ್ಧ ಸಿದ್ಧಮಾಡಿಕೊಂಡಿದ್ದ ವಾದಗಳೆಲ್ಲ ವ್ಯರ್ಥವಾದವು. ಪೂರ್ವಿ ಮಾತ್ರ ಅನ್ನವನ್ನು ಅರ್ಧಕ್ಕೆ ಬಿಟ್ಟು ಮಹಡಿಗೆ ಹೋದಳು.

ಮರುದಿನ ಸಂಜೆ ಗಾಂಧಿ ಬಜಾರಿನಿಂದ ತರಕಾರಿ ತರುವಾಗ ಚೀಲದ ಒಂದು ಕಿವಿ ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ನಮ್ಮ ರಸ್ತೆಯ ತಿರುವಿನಲ್ಲಿ ಅವಳು ನಿಂತಳು. ಚೀಲ ಹಿಡಿದದ್ದರಿಂದ ನಾನೂ ನಿಲ್ಲಬೇಕಾಯಿತು.

“ಅಮ್ಮ, ಈ ವರ್ಷ ನೀನು ಬರೀಬೇಡ.”

ಯಾಕೆ ಎಂದೆ. ನನಗೆ ಜಾಸ್ತಿ ಅಂಕ ಬಂದುಬಿಡುತ್ತದೆಂದು ಹೆದರಿಕೆಯೇ, ಗೆಳತಿಯರು ನಗುತ್ತಾರೆಂದೇ ಎಂದು ಕೇಳಿದೆ. ಎರಡೂ ಅಲ್ಲ ಎಂದು ತಲೆಯಾಡಿಸಿದಳು. ಚೀಲದಿಂದ ಜಾರುತ್ತಿದ್ದ ಹುರುಳಿಕಾಯಿಯನ್ನು ಒಳಗೆ ತಳ್ಳಿದಳು.

“ನೀನೂ ಒಳಗೆ ಹೋಗ್ಬಿಟ್ರೆ, ನಾನು ಹೊರಗೆ ಬಂದಾಗ ಗೇಟ್ ಹತ್ರ ಯಾರಿರ್ತಾರೆ?”

ಮೊದಲು ನನಗೆ ಬಂದದ್ದು ಸಿಟ್ಟು. ಅಪ್ಪ ಹೇಳಿದ್ದಾಯಿತು, ಕಾಲ ಹೇಳಿದ್ದಾಯಿತು, ಈಗ ಹೊಟ್ಟೆಯಲ್ಲಿ ಹುಟ್ಟಿದವಳೂ ಮುಂದಿನ ವರ್ಷ ಎನ್ನುತ್ತಿದ್ದಾಳೆ. ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದೆ. ಹೊರಳುತ್ತಾ ಹೊರಳುತ್ತಾ ಒಂದು ವ್ಯತ್ಯಾಸ ಕಾಣಿಸಿತು. ಹಿಂದಿನ ಸಲ ಯಾರೂ ನನ್ನನ್ನು ಕೇಳಿರಲಿಲ್ಲ, ತಿಳಿಸಿದ್ದರು ಅಷ್ಟೆ. ಇವಳು ಕೇಳುತ್ತಿದ್ದಾಳೆ. ನಾನು ಆಗುವುದಿಲ್ಲ ಎನ್ನಬಹುದಿತ್ತು. ಆಗುವುದಿಲ್ಲ ಎನ್ನುವ ಅವಕಾಶ ಇದ್ದಾಗ ಆಗಲಿ ಎನ್ನುವುದು ಎಷ್ಟು ಹಗುರವಾದ ಕೆಲಸ ಎಂದು ಆಗ ಗೊತ್ತಾಯಿತು. ಬೆಳಿಗ್ಗೆ ಅವಳ ಜಡೆ ಹಾಕುತ್ತಾ, ಗೇಟಿನ ಹತ್ತಿರ ನಾನಿರುತ್ತೇನೆ ಎಂದೆ.

ಇದ್ದೆ. ಮೇ ತಿಂಗಳ ಬಿಸಿಲಿನಲ್ಲಿ ಚಾಮರಾಜಪೇಟೆಯ ಒಂದು ಶಾಲೆಯ ಮುಂದೆ ನೂರಾರು ತಾಯ್ತಂದೆಯರ ಜೊತೆ ನಿಂತೆ. ಪರೀಕ್ಷೆ ಒಳಗಿನವರಿಗೆ ಎಂದು ಹೇಳಿದವರು ಹೊರಗೆ ನಿಂತು ನೋಡಿಲ್ಲ. ಒಬ್ಬರು ಮಣಿ ಎಣಿಸುತ್ತಿದ್ದರು. ಒಬ್ಬ ತಂದೆ ಮಗನ ವಾಚು ಕಟ್ಟಿಕೊಂಡು, ಅದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು. ಸಂಜೆ ಗೇಟು ತೆರೆದಾಗ ಪೂರ್ವಿ ನೇರ ಬಂದು ನನ್ನ ಭುಜಕ್ಕೆ ಹಣೆ ಒತ್ತಿ ನಿಂತಳು. ಆಮೇಲೆ ಪ್ರಶ್ನೆಪತ್ರಿಕೆ ಕೈಗೆ ಕೊಟ್ಟು ಎಳನೀರು ಕುಡಿಯಲು ಹೋದಳು. ನಾನು ಸ್ಕೂಟರಿನ ಸೀಟಿನ ಮೇಲೆ ಪತ್ರಿಕೆ ಹರಡಿ ಬಯಾಲಜಿ ಬಿಡಿಸಲು ಶುರುಮಾಡಿದೆ. ನೋಡನೋಡುತ್ತಾ ಸುತ್ತ ಜನ ಸೇರಿದರು, ನಾನು ಹೇಳಿದ ಉತ್ತರಗಳನ್ನು ಮೊಬೈಲಿನಲ್ಲಿ ಬರೆದುಕೊಂಡರು. ಒಬ್ಬರಂತೂ, ನೀವೇ ಬರೀಬೇಕಿತ್ತು ಮೇಡಂ ಎಂದರು. ಮನೆಗೆ ಹೋಗುವವರೆಗೂ ಪೂರ್ವಿ ಅದನ್ನೇ ಹೇಳಿ ನಕ್ಕಳು.

ಫಲಿತಾಂಶದಲ್ಲಿ ಅವಳ ರ‍್ಯಾಂಕು ಬಹಳ ದೂರದಲ್ಲಿತ್ತು. ನಾನು ಒಂದು ವರ್ಷ ಮತ್ತೆ ಓದುವ ಮಾತೆತ್ತಿದೆ, ಬಾಯಿಪಾಠದ ಸಲಹೆ. ಅವಳು ಅಳಲಿಲ್ಲ. ಅಡುಗೆಮನೆಯ ಕಟ್ಟೆ ಹತ್ತಿ ಕೂತು, ಮೆಡಿಕಲ್ ಬೇಕಿದ್ದದ್ದು ತನಗೋ ಅಮ್ಮನಿಗೋ ಎಂಬುದು ಇಷ್ಟು ವರ್ಷ ತನಗೇ ಗೊತ್ತಾಗುತ್ತಿರಲಿಲ್ಲ ಎಂದಳು. ಆ ದಿನ ಊಟದ ಮೇಜಿನಲ್ಲಿ ನಾನು ಬರೆಯುತ್ತೇನೆ ಎಂದಾಗ ಗೊತ್ತಾಯಿತಂತೆ. ಹೆದರಿಕೆಯೂ ಆಯಿತಂತೆ, ನಿರಾಳವೂ ಆಯಿತಂತೆ.

“ನಿಂಗೆ ಎಷ್ಟು ಇಷ್ಟ ಅಂತ ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತಮ್ಮ. ನನ್ನ ಮುಖ ಯಾವತ್ತೂ ಹಂಗಿರ್ಲಿಲ್ಲ.”

ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಹೇಳದೆಯೇ ಹೊರಿಸಿದ ಹೊರೆಯನ್ನು ಮಗು ಎಷ್ಟು ಮರ್ಯಾದೆಯಿಂದ ಹೊತ್ತಿತ್ತು. ಅವಳ ತಲೆ ಸವರಿ ಏನಾಗಬೇಕು ನಿನಗೆ ಎಂದೆ. ಬಿ.ಎಸ್ಸಿ. ಕೃಷಿ ಎಂದಳು. ಪಾತ್ರೆ ಅಂಗಡಿಯವರ ಮನೆಯಲ್ಲಿ ಮಣ್ಣಿನ ಮೇಲೆ ಪ್ರೀತಿ ಎಲ್ಲಿಂದ ಬಂತೋ. ಆ ವರ್ಷವೇ ಹೆಬ್ಬಾಳದ ಕಡೆ ಸೇರಿ, ದಿನಾ ಸಂಜೆ ಚಪ್ಪಲಿಗೆ ಕೆಂಪುಮಣ್ಣು ಮೆತ್ತಿಕೊಂಡು ಬರತೊಡಗಿದಳು.

ಬಂದವಳೇ, ಮುಂದಿನ ಪರೀಕ್ಷೆಗೆ ಕೂರಲಿದ್ದ ನನಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದಳು. ಬಯಾಲಜಿ ನನ್ನ ತವರು, ಕೆಮಿಸ್ಟ್ರಿ ನೆಂಟರ ಮನೆ, ಫಿಸಿಕ್ಸ್ ಮಾತ್ರ ಭಾಷೆಯೇ ಗೊತ್ತಿಲ್ಲದ ಊರು. ನಿನ್ನೆ ತಾನೆ ಹೇಳಿದ್ದೆನಲ್ಲ ಎಂದು ಅವಳು ಗದರಿಸುವಾಗ ನನ್ನದೇ ಧ್ವನಿ ಕೇಳಿಸುತ್ತಿತ್ತು. ನನ್ನ ಟ್ಯೂಷನ್ ಮಕ್ಕಳು ಎಷ್ಟು ತಾಳ್ಮೆಯವರು ಎಂದು ಅರಿವಾಯಿತು. ಅರ್ಜಿ ಹಾಕುವ ದಿನ ಅತ್ತೆ ಪಂಚಾಂಗ ನೋಡಿ ಹೊತ್ತು ಇಟ್ಟರು. ಆ ಹೊತ್ತಿನಲ್ಲಿ ಸರ್ವರ್ ಮಲಗಿತ್ತು. ಅದು ಎದ್ದದ್ದು ಸರಿಯಾಗಿ ರಾಹುಕಾಲಕ್ಕೆ. ಅತ್ತೆಯ ಮುಖ ನೋಡಿದೆ. ಅವರು ಕ್ಷಣ ಯೋಚಿಸಿ, ಕಂಪ್ಯೂಟರಿಗೆಲ್ಲ ರಾಹುಕಾಲ ಬೇರೆ ಇರುತ್ತದೆ, ಒತ್ತು ಎಂದರು.

ಪರೀಕ್ಷೆಯ ದಿನ ಗೇಟಿನಲ್ಲಿ ಕಾವಲಿನವರು, ಪೇರೆಂಟ್ಸ್ ಹೊರಗೇ ಇರಬೇಕು ಎಂದು ನನ್ನನ್ನು ತಡೆದರು. ಪ್ರವೇಶಪತ್ರ ತೋರಿಸಿದೆ. ಫೋಟೋ ನೋಡಿದರು, ನನ್ನನ್ನು ನೋಡಿದರು, ದಾರಿ ಬಿಟ್ಟರು. ನನ್ನ ಹಿಂದಿನ ಹುಡುಗಿ, ಆಂಟಿ ನಿಮಗೆ ಭಯ ಆಗ್ತಿಲ್ವಾ ಎಂದು ಕೇಳಿದಳು. ಆಗುತ್ತಿದೆ ಎಂದೆ. ಅವಳಿಗೆ ಅದರಿಂದ ಬಹಳ ಸಮಾಧಾನವಾದಂತೆ ಕಂಡಿತು.

ರ‍್ಯಾಂಕು ಬಂತು, ಆದರೆ ಕೌನ್ಸೆಲಿಂಗಿನ ಮೊದಲ ಸುತ್ತುಗಳಲ್ಲಿ ಸೀಟು ಸಿಗಲಿಲ್ಲ. ಪೇಟೆಯ ವರ್ತಕರಿಗೆಲ್ಲ ಅಷ್ಟರಲ್ಲಿ ಸುದ್ದಿ ಹಬ್ಬಿ, ಯಜಮಾನರನ್ನು ಡಾಕ್ಟ್ರಮ್ಮನ ಗಂಡ ಎಂದು ಕರೆಯತೊಡಗಿದ್ದರು. ಅವರು ಅದನ್ನು ಬೇಡ ಎನ್ನಲಿಲ್ಲವಂತೆ. ಕೊನೆಯ ಸುತ್ತಿನಲ್ಲಿ, ರೈಲಿನಲ್ಲಿ ಹೋಗಿಬರಬಹುದಾದ ಒಂದು ಊರಿನ ಸರ್ಕಾರಿ ಕಾಲೇಜಿನಲ್ಲಿ ಸಿಕ್ಕಿತು. ಪರದೆಯ ಮೇಲೆ ನನ್ನ ಹೆಸರು ಓದಿದ್ದು ಯಜಮಾನರು. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಆಮೇಲೆ ಬೆಳಗಿನ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವರ ಅಭಿನಂದನೆ ಯಾವತ್ತೂ ಹೀಗೇ.

ಮೊದಲ ತರಗತಿಯಲ್ಲಿ ಅಂಗರಚನಾಶಾಸ್ತ್ರದ ಮೇಷ್ಟ್ರು ಒಳಗೆ ಬಂದರು. ಚಿಕ್ಕ ವಯಸ್ಸಿನವರು. ಹಾಜರಿ ಕೂಗುತ್ತಾ ನನ್ನ ಹೆಸರಿಗೆ ಬಂದವರು ತಲೆಯೆತ್ತಿ ಗಕ್ಕನೆ ನಿಂತರು. ನನ್ನ ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ನಿದ್ದೆ ಮಾಡುತ್ತಿದ್ದ ಹುಡುಗ. ಅವನ ಬಾಯಿಂದ ಮಿಸ್ ಎಂದು ಬಂದುಬಿಟ್ಟಿತು. ನಾನು ಎದ್ದು ನಿಂತು ಪ್ರೆಸೆಂಟ್ ಸರ್ ಎಂದೆ. ತರಗತಿ ನಗುವುದರೊಳಗೆ ಅವನು ಮುಂದಿನ ಹೆಸರಿಗೆ ಹೋದ. ಪಾಠ ಚೆನ್ನಾಗಿಯೇ ಮಾಡುತ್ತಾನೆ. ನಾನು ನಿದ್ದೆ ಮಾಡಿಲ್ಲ.

ಕಳೆದ ಭಾನುವಾರ ಹೂವು ಕೊಳ್ಳುವಾಗ ಪಕ್ಕದ ಬೀದಿಯ ಹೆಂಗಸೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ಮಗಳಿಗೆ ರ‍್ಯಾಂಕು ನಡುವೆ ಎಲ್ಲೋ ಬಂದಿದೆ. ಈ ವರ್ಷವೇ ದೂರದ ಕಾಲೇಜಿಗೆ ಸೇರಿಸುವುದೋ, ಇನ್ನೊಂದು ವರ್ಷ ಕಾಯುವುದೋ? ಅವರ ಭಾವಮೈದುನ ಒಂದು ಹೇಳುತ್ತಾರೆ, ಜ್ಯೋತಿಷಿಗಳು ಒಂದು ಹೇಳುತ್ತಾರೆ. ನೀವು ಎರಡೂ ಕಡೆ ಕಂಡವರು, ನೀವೇ ಹೇಳಿಬಿಡಿ ಎಂದರು. ಹಳೆಯ ಅಭ್ಯಾಸ, ಕೈ ತಾನಾಗಿ ಕನ್ನಡಕದ ಕಡೆ ಹೋಯಿತು. ಕೈ ಇಳಿಸಿ, ಮಗಳು ಏನಂತಾಳೆ ಎಂದು ಕೇಳಿದೆ.

ಅವರು ಸ್ವಲ್ಪ ತಬ್ಬಿಬ್ಬಾದರು. ಹೂವಿನವಳ ಕಡೆ ನೋಡಿದರು.

“ಅವಳನ್ನ ಕೇಳಿಲ್ಲ. ಇನ್ನೂ ಎದ್ದಿಲ್ಲ, ಮಲಗಿದಾಳೆ.”

“ಏನೂ ಅವಸರ ಇಲ್ಲ” ಎಂದೆ. “ಎದ್ದ ಮೇಲೆ ಕೇಳಿ.”