ನವಣಿ ಚೀಲದ ಮ್ಯಾಲ ಕುಂತ ಮಗಳು

ಗೆಳತ್ಯಾರ, ಇವತ್ತು ನನಗ ಹೊಟ್ಟಿಕಿಚ್ಚು ಆಗೈತಿ, ಮುಚ್ಚಿಡಂಗಿಲ್ಲ. ಒಂಬತ್ನೇ ಕ್ಲಾಸಿನ ನನ್ನ ಮಗಳು ಬೆಳಿಗ್ಗಿ ರೀಲ್ಸ್ ನೋಡ್ತಾ, "ಅವ್ವಾ, ನವಣಿ ಅನ್ನ ಭಾಳ ರುಚಿಯಂತ, ಮುಖಾನೂ ಹೊಳಿತೈತಂತ! ಈ ಅಕ್ಕ ದಿನಾ ತಿಂತಾಳಂತ. ಇದೇ ಪಾಕೀಟು ತರ್ಸು" ಅಂದ್ಲು. ಆಕಿ ಕುಂತಿದ್ದು ಎದರ ಮ್ಯಾಲ ಅಂತೀರಿ? ನಮ್ಮ ಕೂಡ್ಲಿಗಿ ಹೊಲದಾಗ ನಾನೇ ಬೆಳೆದು, ಗಿರಣಿಗೆ ಹಾಕಿಸಿ ತಂದಿಟ್ಟ ನವಣಿ ಚೀಲದ ಮ್ಯಾಲ!

"ನವಣಿ ಉಣ್ಣವ್ವಾ" ಅಂತ ನಾ ಎಷ್ಟು ವರ್ಷ ಬಡ್ಕೊಂಡ್ರೂ ಮೂಗು ಮುರಿಯಾಕಿ ಈಕಿ.

"ಎಲ್ಲಿ, ಆ ರೀಲ್ ಇನ್ನೊಮ್ಮಿ ಹಚ್ಚು" ಅಂದೆ. ಇಬ್ರೂ ಕೂಡಿ ನೋಡಿದ್ವಿ. ಆ ಅಕ್ಕ ಪಾಕೀಟು ತೋರ್ಸಿದ್ಲು, ನಕ್ಕಳು, ಒಂದು ತುತ್ತೂ ಬಾಯಿಗಿಡಲಿಲ್ಲ.

"ತಿನ್ನಾಕಲ್ಲ, ಆಕಿ ಮಾರಾಕ ನಿಂತಾಳ" ಅಂದೆ.

"ಹೌದಲ್ಲವ್ವಾ!" ಅಂತ ಒಪ್ಪಿದ್ಲು.

ಗೆದ್ದೆ ಅನ್ಕೊಂಡು ನಮ್ಮ ನವಣಿನೇ ಬೇಯಿಸಿ ಬಡಿಸಿದೆ. ಎರಡು ಸಲ ಹಾಕಿಸ್ಕೊಂಡು ಉಂಡು, "ಅವ್ವಾ, ಆ ಅಕ್ಕ ಹೇಳಿದ್ದು ಖರೇ ನೋಡು, ಭಾಳ ರುಚಿ ಐತಿ" ಅಂದ್ಲು. ಕೈ ತೊಳ್ಕೊಂಡು ಬಂದು ಲೈಕ್ ಒತ್ತಿದ್ದೂ ಆಕಿಗೇ.

ಬರೋ ಮಳಿಗಾಲಕ್ಕ ಹೊಲದ ಕಳಿ ತಗಿಯಾಕ ಆ ಅಕ್ಕನ್ನೇ ಕರಸ್ತೀನಿ.