ಹಿಂಡಿ ಮೂಟೆಯ ಮೇಲೆ ಹಾಕಿದ ತಪ್ಪು

ನಮ್ಮ ಕಾಲೇಜಿನಲ್ಲಿ ಬೇಸ್‌ಬಾಲ್ ತಂಡ ಹುಟ್ಟಿದ್ದು ಆಟದ ಮೇಲಿನ ಪ್ರೀತಿಯಿಂದಲ್ಲ. ಕ್ರಿಕೆಟ್ ತಂಡದಲ್ಲಿ ಜಾಗ ಸಿಗದ ಹನ್ನೆರಡು ಜನ ಉಳಿದಿದ್ದೆವು. ವ್ಯಾಯಾಮದ ಮೇಷ್ಟ್ರಿಗೆ ನಮ್ಮನ್ನು ಎಲ್ಲಾದರೂ ನಿಲ್ಲಿಸಬೇಕಿತ್ತು. ಯಲಹಂಕದ ಆಚೆ, ವಾಯುಪಡೆಯ ವಿಮಾನಗಳು ತಲೆ ಸವರಿಕೊಂಡು ಹೋಗುವ ಮೈದಾನದಲ್ಲಿ ನಿಲ್ಲಿಸಿದರು. ಕ್ಯಾಚರ್ ಹಾಕಿಕೊಳ್ಳುವ ಮುಖದ ಕವಚ ಒಂದೇ ಇತ್ತು. ಅದು ನನ್ನ ಮುಖಕ್ಕೆ ಸರಿಯಾಗಿ ಕೂತಿತು. ಹೀಗಾಗಿ ನಾನು ಕ್ಯಾಚರ್ ಆದೆ. ಜವಾಬ್ದಾರಿಯ ಹುದ್ದೆಗಳಿಗೆ ಜನರನ್ನು ಆರಿಸುವ ಕ್ರಮ ಬೇರೆ ಕಡೆಗಳಲ್ಲೂ ಹೆಚ್ಚುಕಡಿಮೆ ಇದೇ ಎಂದು ಆಮೇಲೆ ಸೈನ್ಯದಲ್ಲಿ ತಿಳಿದುಕೊಂಡೆ.

ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ವಿಷಯ ತಿಳಿಸಿದಾಗ ರೈಲ್ವೆ ನೌಕರರಾಗಿದ್ದ ಅಪ್ಪ ಪೇಪರ್ ಮಡಚಿಟ್ಟರು.

"ಬಾಸ್ಕೆಟ್‌ಬಾಲಾ?"

"ಅಲ್ಲಪ್ಪ, ಬೇಸ್‌ಬಾಲ್."

"ಗೆದ್ರೆ ಏನ್ ಕೊಡ್ತಾರೆ?"

"ಸರ್ಟಿಫಿಕೇಟು."

"ಸರಿ, ಆಡು. ಹಲ್ಲು ಹುಷಾರು."

ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಹೆಸರಘಟ್ಟದ ಕಡೆಯ ಹುಡುಗ. ಮನೆಯಲ್ಲಿ ಹಸುಗಳಿದ್ದವು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತುತ್ತಿದ್ದ. ಕರೆದೂ ಕರೆದೂ ಮುಂಗೈ ಹಗ್ಗದ ಹಾಗೆ ಹುರಿಗೊಂಡಿತ್ತು. ಅವನು ಎಸೆದ ಚೆಂಡು ಗ್ಲೌಸಿಗೆ ಬಿದ್ದರೆ ನನ್ನ ಅಂಗೈ ಉರಿದು, ಸಂಜೆ ಅನ್ನ ಕಲಸುವಾಗಲೂ ಜ್ಞಾಪಕಕ್ಕೆ ಬರುತ್ತಿತ್ತು.

ಎಂಥ ಎಸೆತ ಬೇಕೆಂದು ಕ್ಯಾಚರ್ ಬೆರಳಿನಲ್ಲಿ ಹೇಳುತ್ತಾನೆ. ಒಂದು ಬೆರಳು ತೋರಿಸಿದರೆ ವೇಗದ್ದು, ಎರಡು ತೋರಿಸಿದರೆ ನಿಧಾನದ್ದು. ಬೇರೆ ತಂಡಗಳಲ್ಲಿ ಪಿಚರ್ ತಲೆಯಾಡಿಸಿ ಒಲ್ಲೆ ಎನ್ನಬಹುದಿತ್ತು. ನಮ್ಮಲ್ಲಿ ಆ ಹಕ್ಕು ಇರಲಿಲ್ಲ. "ಪಿಚರ್ ಯೋಚ್ನೆ ಮಾಡ್ಬಾರ್ದು ಕಣ್ರೋ," ಎಂದು ಮೇಷ್ಟ್ರು ವಾರಕ್ಕೊಮ್ಮೆ ಆಜ್ಞೆ ಹೊರಡಿಸುತ್ತಿದ್ದರು. "ಯೋಚ್ನೆ ಕ್ಯಾಚರ್ ಇಲಾಖೆ." ಅವನು ಒಂದು ಸಲವೂ ತಲೆಯಾಡಿಸಿದವನಲ್ಲ.

ಸೈನ್ಯಕ್ಕೆ ಸೇರುವ ಆಸೆ ನನ್ನದಲ್ಲ, ಅವನದು. ಆರು ತಿಂಗಳ ಮುಂಚೆಯೇ ತಲೆಗೂದಲನ್ನು ಸಿಪಾಯಿಯ ಹಾಗೆ ಕತ್ತರಿಸಿಕೊಂಡು ತಿರುಗುತ್ತಿದ್ದ. ಆಟದ ಸರ್ಟಿಫಿಕೇಟ್ ಇದ್ದರೆ ಭರ್ತಿಯಲ್ಲಿ ಅಂಕ ಸೇರಿಸುತ್ತಾರೆಂದು ಎಲ್ಲಿಂದಲೋ ಪತ್ತೆ ಮಾಡಿಕೊಂಡು ಬಂದವನೂ ಅವನೇ. "ಮಗಾ, ನೀನೂ ಬಾ. ಮಿಲ್ಟ್ರಿಗ್ ಒಬ್ನೇ ಓದ್ರೆ ಅಲ್ಲಿ ನನ್ ಚೆಂಡ್ ಇಡ್ಯೋರ್ ಯಾರು?" ಅಂದ. ನನಗೆ ಬೇರೆ ಯೋಚನೆಯೇನೂ ಇರಲಿಲ್ಲವಾದ್ದರಿಂದ ಒಪ್ಪಿದೆ.

ಅಂತರಕಾಲೇಜು ಪಂದ್ಯಾವಳಿಯ ಫೈನಲ್ ಬಂತು. ಏಳನೇ ಇನಿಂಗ್ಸ್‌ನಲ್ಲಿ ನಾವು ಒಂದು ರನ್ ಮುಂದಿದ್ದೆವು. ಆಗ ನನ್ನ ಅಂಗೈ ಉರಿಯುವುದು ನಿಂತಿತು.

ನೋಡುವವರಿಗೆ ಏನೂ ಗೊತ್ತಾಗುವ ಹಾಗಿರಲಿಲ್ಲ. ಅವನು ಅದೇ ಭಂಗಿಯಲ್ಲಿ ಎಸೆಯುತ್ತಿದ್ದ, ಚೆಂಡು ಬರುತ್ತಿತ್ತು. ಆದರೆ ಪಿಚರನ ಕೈಯ ನಿಜ ಸ್ಥಿತಿ ಗೊತ್ತಾಗುವುದು ಕ್ಯಾಚರನ ಅಂಗೈಗೆ ಮಾತ್ರ. ಮೊಣಕೈಯಲ್ಲಿ ಏನೋ ಕೆಟ್ಟಿತ್ತು. ನಾನು ಎದ್ದು ಎರಡು ಕೈ ಎತ್ತಿ ಆಟ ನಿಲ್ಲಿಸಿ ಮೇಷ್ಟ್ರಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೊರಗೆ ಇನ್ನೊಬ್ಬ ಪಿಚರ್ ಕೂತಿದ್ದ. ಆದರೆ ಆತ ಎಸೆದರೆ ನಿಂತ ಬಸ್ಸಿಗೂ ತಾಕುತ್ತಿರಲಿಲ್ಲ. ಸೋತರೆ ಗೆದ್ದವರ ಸರ್ಟಿಫಿಕೇಟ್ ಇಲ್ಲ. ನಾನು ಕುಕ್ಕರಗಾಲಲ್ಲಿ ಕೂತು ಒಂದು ಬೆರಳು ತೋರಿಸಿದೆ. ಆಮೇಲೆ ಇನ್ನೊಂದು ಸಲ, ಮತ್ತೊಂದು ಸಲ. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ಇಡದೆ ಇದ್ದದ್ದು ಜಾಣತನವೇ ಇರಬೇಕು. ಕೊನೆಯ ಎಸೆತಕ್ಕೆ ಅವನು ಚೆಂಡಿನ ಜೊತೆಗೇ ಕೂಗಿ ಮಣ್ಣಿಗೆ ಬಿದ್ದ. ನಾವು ಗೆದ್ದೆವು.

ಮೇಷ್ಟ್ರು ಓಡಿ ಬಂದು ಏನಾಯಿತೆಂದು ಕೇಳಿದಾಗ ಅವನು ಹಲ್ಲು ಕಚ್ಚಿಕೊಂಡು, "ಬೆಳಿಗ್ಗೆ ಇಂಡಿ ಮೂಟೆ ಎತ್ತಿದ್ದೆ ಸಾ, ಅಪ್ಪ ಒಳಗಾಕು ಅಂದ್ರು. ಅದುಕ್ಕೇ ಇರ್ಬೇಕು," ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹಸುವಿನ ಹಿಂಡಿ ತುಂಬಿದ ಆ ಮೂಟೆ ನನಗೆ ಮಾಡಿದಷ್ಟು ಉಪಕಾರವನ್ನು ಯಾವ ಮನುಷ್ಯನೂ ಮಾಡಿಲ್ಲ.

ಎರಡು ತಿಂಗಳಿಗೆ ಭರ್ತಿ ರ‍್ಯಾಲಿ. ಓಟದಲ್ಲಿ ಅವನು ನಮ್ಮ ಗುಂಪಿಗೇ ಮೊದಲು. ಆಮೇಲೆ ಕಬ್ಬಿಣದ ಅಡ್ಡಕಂಬಿ ಹಿಡಿದು ಗಲ್ಲ ಮೇಲೆ ಬರುವವರೆಗೆ ಮೈ ಎತ್ತಬೇಕು. ಮೂರನೆಯದಕ್ಕೆ ಅವನ ಬಲಗೈ ಬಿಟ್ಟುಹೋಯಿತು. ಎಡಗೈಯೊಂದರಲ್ಲೇ ತುಸು ಹೊತ್ತು ಜೋತಾಡಿದ. ಅಲ್ಲಿದ್ದ ಸೈನಿಕ "ನೆಕ್ಸ್ಟ್" ಎಂದ. ನೆಕ್ಸ್ಟ್ ನಾನು. ಮುಂದಿನ ವರ್ಷ ಅವನು ಮತ್ತೆ ಹೋಗಿ ಮತ್ತೆ ಅಲ್ಲೇ ಸೋತ. ಅದರ ಮುಂದಿನ ವರ್ಷ ವಯಸ್ಸು ಮೀರಿತ್ತು.

ನನ್ನ ಸೈನಿಕ ಜೀವನದಲ್ಲಿ ಬೇಸ್‌ಬಾಲಿನ ಪಾತ್ರ ಅಲ್ಲಿಗೆ ಮುಗಿಯಿತು. ಒಂದು ಸಲದ ಹೊರತು. ತರಬೇತಿಯಲ್ಲಿ ಗ್ರೆನೇಡನ್ನು ತೋಳು ನೀಟಾಗಿ ಚಾಚಿ ಮೇಲಕ್ಕೆ ಎಸೆಯಬೇಕು. ನಾನು ಅಭ್ಯಾಸಬಲದಿಂದ, ಕ್ಯಾಚರ್ ಕೂತಲ್ಲಿಂದ ಎರಡನೇ ಬೇಸಿಗೆ ಚೆಂಡು ಹೊಡೆಯುವಂತೆ, ನೇರವಾಗಿ ಹೊಡೆದೆ. ಅದು ಎದುರಿನ ಮಣ್ಣಿನ ಗೋಡೆಗೆ ಬಡಿದು ನಮ್ಮ ಕಾಲ ಬುಡಕ್ಕೇ ವಾಪಸು ಬಂತು. ಮದ್ದಿಲ್ಲದ ಗ್ರೆನೇಡ್ ಆದ್ದರಿಂದ ಈ ಬರಹ ಸಾಧ್ಯವಾಗಿದೆ. ತರಬೇತಿ ಕೊಡುತ್ತಿದ್ದ ಉಸ್ತಾದರು ನನ್ನ ವಂಶಾವಳಿಯನ್ನು ಹಿಂದಿಯಲ್ಲಿ ಸವಿಸ್ತಾರವಾಗಿ ವಿವರಿಸಿದರು.

ಹವಾಲ್ದಾರನಾದ ಮೇಲೆ, ಹಿಮದ ಎತ್ತರದಲ್ಲಿ, ನನ್ನ ಸೆಕ್ಷನ್ನಿನ ಹುಡುಗನೊಬ್ಬ ಕೆಮ್ಮುತ್ತಾ "ಠೀಕ್ ಹೂಂ ಸಾಬ್" ಅಂದ. ಅವನ ಧ್ವನಿಯಲ್ಲಿ ಬಲವಿರಲಿಲ್ಲ. ಆ ಎತ್ತರದಲ್ಲಿ ಕೆಮ್ಮು ಜೀವ ತೆಗೆಯುವುದುಂಟು. ಸಾಹೇಬರ ಜೊತೆ ಜಗಳವಾಡಿ ಅವನನ್ನು ಕೆಳಗಿನ ಆಸ್ಪತ್ರೆಗೆ ಕಳಿಸಿದೆ. ಒಬ್ಬನ ಜೀವ ಉಳಿಸಿ ಹಳೆಯದೊಂದನ್ನು ತೊಳೆದುಕೊಂಡೆ ಎಂದು ಎರಡು ದಿನ ಒಳಗೊಳಗೇ ಹಿಗ್ಗಿದೆ. ಡಾಕ್ಟರು ಬರೆದು ಕಳಿಸಿದರು: ಮಾಮೂಲಿ ನೆಗಡಿ.

ರಜೆಗೆ ಬಂದಾಗಲೆಲ್ಲ ನಮ್ಮ ಪಿಚರನ ಮನೆಗೆ ಹೋಗುತ್ತಿದ್ದೆ. ಬಲ ಮೊಣಕೈ ಪೂರ್ತಿ ನೀಳವಾಗುತ್ತಿರಲಿಲ್ಲ. ಅವನು ನನ್ನ ಬೂಟು, ರೇಷನ್ನು, ಬಂದೂಕು ಎಲ್ಲದರ ಬಗ್ಗೆಯೂ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಹೇಳಬೇಕಾದ್ದೊಂದನ್ನು ಬಿಟ್ಟು.

ಹೋದ ವರ್ಷ ಪೆನ್ಷನ್ ತೆಗೆದುಕೊಂಡು ಬಂದೆ. ಅವನು ತನ್ನ ಊರಿನ ಡೇರಿಯ ಮುಂದೆ ಸನ್ಮಾನ ಏರ್ಪಡಿಸಿದ. ಫ್ಲೆಕ್ಸಿನಲ್ಲಿ ನನ್ನ ಮೀಸೆ ನನಗಿಂತ ಗಂಭೀರವಾಗಿತ್ತು. ಶಾಲು, ಹಾರ, ಪೇಟ ಎಲ್ಲ ಆಯಿತು. ಆಮೇಲೆ ಅವನು ಮೈಕ್ ಹಿಡಿದ.

"ನಾವಿಬ್ರೂ ಓಗ್ಬೇಕಿತ್ತು ಮಿಲ್ಟ್ರಿಗೆ. ನಾನು ಮೂಟೆ ಎತ್ತಿ ಕೈ ಕೆಡಿಸ್ಕಂಡೆ. ನಮ್ಮಪ್ಪ 'ಆ ಮೂಟೆ ಎತ್ತು ಅಂದ ಬಾಯ್ಗೆ ಉಳ ಬೀಳ' ಅಂತ ಸಾಯೋಗಂಟ ಅಂದ್ಕಂತಿದ್ರು." ನಗುತ್ತಾ ಹೇಳಿದ. ಜನರೂ ನಕ್ಕರು.

ಅವನ ತಂದೆ ಸತ್ತು ಐದು ವರ್ಷವಾಗಿತ್ತು. ನಾನು ಮೂಟೆಯ ಮೇಲೆ ಹಾಕಿದ ಭಾರವನ್ನು ಅಷ್ಟೂ ವರ್ಷ ಒಬ್ಬ ಮನುಷ್ಯ ಹೊತ್ತಿದ್ದನೆಂದು ನನಗೆ ಹೊಳೆದೇ ಇರಲಿಲ್ಲ.

ಜನ ಚದುರಿದ ಮೇಲೆ, ಹಾರವನ್ನು ಕುರ್ಚಿಗೆ ಹಾಕಿ, ಅಂಗೈಯ ಸಂಗತಿಯನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. ಅವನು ಫ್ಲೆಕ್ಸ್ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ.

"ನಿಂಗ್ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಗೊತ್ತಾದ್ಮೇಲೂ ಬೆರಳ್ ತೋರ್ಸಿದ್ಯಾ?"

"ತೋರಿಸ್ದೆ ಕಣೋ."

ಬಿಚ್ಚಿದ ಹಗ್ಗವನ್ನು ಅಂಗೈಗೆ ಸುತ್ತಿಕೊಂಡ. "ಕೈ ಓಗ್ಲಿ ಬುಡ್ಲಾ. ಅಪ್ಪ..." ಎಂದು ಶುರು ಮಾಡಿ ನಿಲ್ಲಿಸಿದ. ಆಮೇಲೆ, "ನಂಗೇಳಿದ್ರೆ ಸಾಲ್ದು. ಅವ್ವಂಗ್ ಏಳು. ನಡಿ," ಅಂದ.

ಅವನ ತಾಯಿ ಹಟ್ಟಿಯ ಮುಂದೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಾನು ಇನ್ನೂ ಪೇಟ ತೆಗೆದಿರಲಿಲ್ಲ. ಪೇಟ ಕಟ್ಟಿಕೊಂಡು ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಎಲ್ಲ ಕೇಳಿ ಆ ತಾಯಿ ಬೈಯಲಿಲ್ಲ.

"ನಾನೂ ಬೋದೆ ಕಣಪ್ಪ ಆ ಮನ್ಸನ್ನ," ಅಂದರು. "ಮಗನ್ ಬಾಳ್ ಕೆಡಿಸ್ದೆ ಅಂತ ಒಂದಿನ ಉಣ್ಣಕ್ ಕುಂತೋರ್ನ ಎಬ್ಬಿಸ್ಬುಟ್ಟಿದ್ದೆ."

"ತಪ್ಪಾಯ್ತಮ್ಮ."

"ನಂತಾವ್ ಅಂದ್ರೆ ಏನ್ ಬಂತು? ಪಿತೃಪಕ್ಸದಾಗೆ ಎಡೆ ಇಕ್ತೀವಿ. ಆವತ್ತು ಬಂದು ಅವ್ರಿಗೇ ಏಳು."

ಆ ನಡುವಿನ ಮೂರು ವಾರ ಅವನು ನನ್ನ ಫೋನ್ ಎತ್ತಲಿಲ್ಲ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಹೋದೆ. ಒಳಕೋಣೆಯಲ್ಲಿ ಫೋಟೋ, ಮಡಚಿಟ್ಟ ಹೊಸ ಪಂಚೆ, ಎಲೆಯ ತುಂಬ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಬಂದು ಬಾಗಿಲು ಮುಂದೆ ಮಾಡುತ್ತಾರೆ. ಹಿರಿಯರು ಬಂದು ಯಾರ ಕಣ್ಣಿಗೂ ಬೀಳದೆ ಉಣ್ಣಲಿ ಎಂದು.

"ಬಾಗ್ಲು ಆಕೋಕ್ ಮುಂಚೆ ಏಳ್ಬುಡಪ್ಪ," ಅಂದರು ತಾಯಿ. "ಅವ್ರ್ ನೆಮ್ಮದಿಯಾಗ್ ಉಣ್ಲಿ."

ಒಳಗೆ ನಾನೊಬ್ಬನೇ. ಎಂಥೆಂಥ ಅಧಿಕಾರಿಗಳಿಗೋ ವರದಿ ಒಪ್ಪಿಸಿದವನು, ಬೀಡಿಕಟ್ಟಿನ ಮುಂದೆ ಅಟೆನ್ಷನ್‌ನಲ್ಲಿ ನಿಂತು ಮಾತಿಗಾಗಿ ತಡಕಾಡಿದೆ. "ಅಪ್ಪಾಜಿ, ಮೂಟೆಯಿಂದ ಆಗಿದ್ದಲ್ಲ. ನಿಮ್ಮಿಂದಲೂ ಅಲ್ಲ. ನನ್ನಿಂದ," ಎಂದೆ. ಅಷ್ಟೇ ಬಂತು. ಫೋಟೋದಲ್ಲಿದ್ದವರು ಯಾವುದೋ ಮದುವೆಯಲ್ಲಿ ತೆಗೆಸಿದ ಮುಖದಲ್ಲೇ ಇದ್ದರು. ಹೊರಗೆ ಬಂದೆ. ತಾಯಿ ಬಾಗಿಲು ಮುಂದೆ ಮಾಡಿದರು. ನಾವು ಮೂವರೂ ಜಗಲಿಯ ಮೇಲೆ ಕೂತೆವು.

ಬಾಗಿಲು ತೆಗೆದಾದ ಮೇಲೆ ನಮಗೆ ಊಟ. ಅವನು ನನ್ನ ಎಲೆಯನ್ನು ತನ್ನ ಪಕ್ಕದಲ್ಲಿ ಹಾಕಲಿಲ್ಲ, ಎದುರಿನ ಗೋಡೆಗೆ ಹಾಕಿದ. ಮುಖ ನೋಡಲಿಲ್ಲ. ಆದರೆ ಸಾರಿನ ಪಾತ್ರೆ ಹಿಡಿದು ಬಡಿಸಲು ಬಂದವನು ಅವನೇ. ಆ ಕೈ ಪೂರ್ತಿ ಚಾಚಲಾಗದ್ದರಿಂದ, ಮಂಡಿಯೂರಿ, ಬಗ್ಗಿ, ತೀರ ನನ್ನ ಹತ್ತಿರ ಬಂದು ಬಡಿಸಬೇಕಾಯಿತು.