ಆರ್ಲೀನಳ ಕೈಗೆ ಬಂದ ಗಿಡ್ಡ ಬಿಲ್ಲು

ಶಾಲೆಯ ಬಸ್ಸು ಓಡಿಸುವ ಆರ್ಲೀನ್ ಕಂಗಸ್‌ಗೆ ಯಾವ ವಸ್ತು ಕಂಡರೂ ಅದನ್ನು ಬಿಚ್ಚಿ ನೋಡಬೇಕೆಂಬ ಚಟ. ಬಸ್ಸಿನ ಹೀಟರ್ ಕೆಟ್ಟರೆ ಮೆಕ್ಯಾನಿಕ್ಕಿನ ಬೆನ್ನ ಹಿಂದೆಯೇ ನಿಂತು ಅದು ಯಾಕೆ, ಇದು ಯಾಕೆ ಎಂದು ಅವನ ತಲೆ ತಿನ್ನುತ್ತಿದ್ದಳು. ಬಿಲ್ಲಿನ ಹುಚ್ಚು ಹತ್ತಿದ್ದೂ ಹಾಗೆಯೇ. ಕಾಂಪೌಂಡ್ ಬಿಲ್ಲಿನ ಎರಡು ತುದಿಗಳಲ್ಲಿ ಗಾಲಿಗಳು ಯಾಕಿವೆ ಎಂದು ಕೇಳಲು ಹೋದವಳು ಬಿಲ್ಲು ಕೊಂಡುಕೊಂಡೇ ಮನೆಗೆ ಬಂದಿದ್ದಳು. ಉತ್ತರ ಮಿಶಿಗನ್ನಿನ ಆ ಊರಲ್ಲಿ ಹಿಮ ಬಿದ್ದಿತೆಂದರೆ ಗುರುವಾರ ಸಂಜೆ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಗುರಿ ಹೊಡೆಯುವ ಪೈಪೋಟಿ. ವರ್ಷಗಟ್ಟಲೆ ಅಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ.

ಆಮೇಲೆ ಆ ಹಾಳು ರೋಗ ಅಂಟಿಕೊಂಡಿತು. ಬಿಲ್ಲುಗಾರರಿಗೆಲ್ಲ ಅದು ಗೊತ್ತು, ಆದರೆ ಹೆಸರೆತ್ತಿದರೆ ತಮಗೂ ತಗುಲೀತು ಎಂಬಂತೆ ಯಾರೂ ಬಾಯಿ ಬಿಡುವುದಿಲ್ಲ. ಬಿಲ್ಲಿಗೆ ಸಿಕ್ಕಿಸಿದ ಗುರಿಕಣ್ಣಿನ ಚುಕ್ಕೆ ಗುರಿಹಲಗೆಯ ನಡುವಿನ ಹಳದಿ ವೃತ್ತದ ಅಂಚಿಗೆ ತಾಗಿದ್ದೇ ತಡ, ಹೆದೆಯನ್ನು ಬಿಡಿಸುವ ಗುಂಡಿಯನ್ನು ಬೆರಳು ತಾನಾಗಿ ಒತ್ತಿಬಿಡುತ್ತದೆ. ಬೇಡವೆಂದರೂ ನಿಲ್ಲದು. ಕನ್ನಡಕದ ನಂಬರು ಬದಲಾಗಿದೆ ಎಂದು ಆರ್ಲೀನ್ ಎರಡು ಚಳಿಗಾಲ ಎಲ್ಲರ ಮುಂದೆ ಸುಳ್ಳು ಹೇಳಿಕೊಂಡು ತಿರುಗಿದಳು. ಮನೆಗೆ ಬಂದು ಒಬ್ಬಳೇ ಅತ್ತಳು.

ಅಣ್ಣ ವೈನೊ ಮಾತ್ರ ನಂಬಲಿಲ್ಲ. ಅವನು ಕಾಡಿನವನು, ಬಿಲ್ಲಿನಲ್ಲೇ ಜಿಂಕೆ ಹೊಡೆಯುವವನು. ಬೇಸಿಗೆ ಮುಗಿಯುವ ಹೊತ್ತಿಗೆ ತಂಗಿಯ ತೋಳಿನ ಅಳತೆಗೆ ಹೊಂದಿಸಿದ ಬೇಟೆ ಬಿಲ್ಲೊಂದನ್ನು ತಂದು ಅವಳ ಅಡುಗೆಮನೆಯ ಮೇಜಿನ ಮೇಲೆ ಇಟ್ಟ. ಆರ್ಲೀನ್ ತನ್ನದನ್ನೂ ತಂದು ಪಕ್ಕದಲ್ಲಿಟ್ಟಳು.

"ಇದ್ಯಾಕೋ ಅಣ್ಣ, ಇಷ್ಟು ಗಿಡ್ಡ?"

"ಮರದ ಮೇಲೆ ಕೊಂಬೆಗಳ ಮಧ್ಯೆ ಕೂತ್ಕೊಂಡು ನಿನ್ನ ಆ ಏಣಿನ ತಿರುಗ್ಸು, ಆಗ ಗೊತ್ತಾಗುತ್ತೆ."

"ಮುಂದುಗಡೆ ನನ್ನದರ ಥರ ಉದ್ದ ಕಡ್ಡಿನೂ ಇಲ್ಲ. ಕೈ ಅಲ್ಲಾಡಲ್ವಾ?"

"ಅಲ್ಲಾಡುತ್ತೆ. ಆದ್ರೆ ನಿಂಗೆ ಬೇಕಾಗಿರೋದು ನಾಣ್ಯದಷ್ಟು ಜಾಗ, ನಂಗೆ ಊಟದ ತಟ್ಟೆಯಷ್ಟಿದ್ರೆ ಸಾಕು. ನಿನ್ನ ಬಿಲ್ಲು ಅಲ್ಲಾಡ್ದೆ ನಿಲ್ಲೋಕೆ, ನನ್ನದು ಸದ್ದಿಲ್ದೆ ಹೊಡೆಯೋಕೆ."

ಹಿತ್ತಿಲಲ್ಲಿ ವೈನೊ ಗುರಿಗೆಂದು ರಬ್ಬರ್ ಜಿಂಕೆಯೊಂದನ್ನು ತಂದು ನಿಲ್ಲಿಸಿದ್ದ. ಅವಳು ಅಲ್ಲಿಗೆ ಹೋಗಿ ಬಿಲ್ಲು ಎಳೆದು ನೋಡಿದಳು. ಮೊದಲು ಬಿಗಿ, ಅರ್ಧ ದಾಟಿದ ಮೇಲೆ ಗಾಲಿ ತಿರುಗಿ ಭಾರವೆಲ್ಲ ಕರಗಿತು. ಅವಳ ಬಿಲ್ಲಿನಲ್ಲೂ ಕರಗುತ್ತಿತ್ತು, ಆದರೆ ಇಷ್ಟಲ್ಲ.

"ಭಾರ ಎಲ್ಲೋಯ್ತು ಇದ್ರದ್ದು?"

"ಜಿಂಕೆ ನಿನ್ನ ಹಳದಿ ಚುಕ್ಕಿ ಥರ ಕಾಯ್ತಾ ನಿಂತಿರುತ್ತಾ? ಅದು ಅಡ್ಡಕ್ಕೆ ತಿರುಗೋ ತನಕ ಎಳೆದು ಹಿಡ್ಕೊಂಡೇ ಇರ್ಬೇಕು. ತಿರುಗ್ಲಿಲ್ಲ ಅಂದ್ರೆ ಬಾಣ ಬಿಡದೆ ಹೆದೆನ ನಿಧಾನಕ್ಕೆ ವಾಪಸ್ ಇಳಿಸ್ಬೇಕು. ಎಲ್ಲಿ, ಆ ರಬ್ಬರ್ ಜಿಂಕೆಗೆ ಗುರಿ ಇಟ್ಟು ಇಳಿಸು, ನೋಡೋಣ."

ಗುರಿ ಇಟ್ಟಳು. ಇಳಿಸುವ ಮೊದಲೇ ಬಾಣ ಹಾರಿ ರಬ್ಬರ್ ಜಿಂಕೆಯ ಹೊಟ್ಟೆಗೆ ನಾಟಿತು. ವೈನೊ ನಗಲಿಲ್ಲ.

"ಇದಕ್ಕೇನೋ ನೋವಿಲ್ಲ. ನಿಜವಾದ್ದಕ್ಕೆ ಹೀಗೆ ಬಿದ್ರೆ ಎಲ್ಲೋ ಪೊದೆಯಲ್ಲಿ ನರಳಿ ನರಳಿ ಸಾಯುತ್ತೆ. ಇಳಿಸೋಕೆ ಬರೋ ತನಕ ನಿನ್ನ ಕಾಡಿಗೆ ಕರ್ಕೊಂಡೋಗಲ್ಲ."

"ಇದ್ರಲ್ಲೂ ಆಗ್ಲಿಲ್ಲ ಅಂದ್ರೆ ಎರಡೂ ಬಿಲ್ಲನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ," ಎಂದಳು ಆರ್ಲೀನ್. ತಮಾಷೆಗೆ ಹೇಳಿದ್ದಲ್ಲ.

ದಿನಾ ಬಸ್ಸು ನಿಲ್ಲಿಸಿ ಬಂದವಳೇ ಎಳೆಯುವುದು, ಗುರಿ ಇಡುವುದು, ಇಳಿಸುವುದು. ರಬ್ಬರ್ ಜಿಂಕೆಯ ಬೂದು ಮೈಯಲ್ಲಿ ವೃತ್ತವಿಲ್ಲ, ಹಳದಿಯಿಲ್ಲ. ಬೆರಳಿಗೆ ಹೆದರಿಕೊಳ್ಳಲು ಅಂಥ ಗುರುತೇ ಇಲ್ಲದ್ದಕ್ಕೋ, ಹಿಡಿದು ನಿಲ್ಲುವುದು ಹಗುರಾದದ್ದಕ್ಕೋ, ಕ್ರಮೇಣ ಬೆರಳು ಮಾತು ಕೇಳತೊಡಗಿತು. ಇದು ಬಿಲ್ಲಿನ ಗುಣವೋ ಗುರಿಯ ಗುಣವೋ ಎಂದು ಅವಳು ವೈನೊನ ಪ್ರಾಣ ಹಿಂಡಿದಳು. ಎಲೆ ಕೆಂಪಾಗುವ ಹೊತ್ತಿಗೆ ರಬ್ಬರ್ ಜಿಂಕೆಯ ಮುಂದೆ ಒಂದು ಸಲವೂ ತಪ್ಪಲಿಲ್ಲ. ಉಸಿರಾಡುವ ಜಿಂಕೆಯ ಮುಂದೆ ಏನಾದೀತೋ, ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಇಳಿಹೊತ್ತು ಅಣ್ಣ ತಂಗಿ ಹೆಮ್ಲಾಕ್ ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಮೈಗೆ ಮೈ ತಾಗಿಸಿ ಕುಳಿತಿದ್ದರು. ಹಳೆಯ ಸೇಬಿನ ಮರಗಳ ಕಡೆಯಿಂದ ಹೆಣ್ಣು ಜಿಂಕೆಯೊಂದು ಬಂತು. ಆರ್ಲೀನ್ ಎದ್ದು ನಿಂತು ಬಿಲ್ಲು ಎಳೆದಳು. ಜಿಂಕೆ ಅಡ್ಡಕ್ಕೆ ನಿಂತಿತ್ತು, ಗುರಿಕಣ್ಣಿನ ಚುಕ್ಕೆ ಅದರ ಭುಜದ ಹಿಂದಕ್ಕೆ ಸರಿಯುತ್ತಿತ್ತು. ಅಷ್ಟರಲ್ಲಿ ಅದು ಇವರ ಕಡೆಗೇ ಮುಖ ಮಾಡಿ ತಿರುಗಿತು. ಈಗ ಬಿಟ್ಟರೆ ಬಾಣ ಎಲ್ಲಿ ನಾಟುವುದೋ ದೇವರೇ ಬಲ್ಲ. ಆದರೆ ಚುಕ್ಕೆ ಅದರ ಮೈಗೆ ತಾಗಿಯಾಗಿತ್ತು, ಬೆರಳು ಗುಂಡಿಯ ಮೇಲಿತ್ತು. ಹಳೆಯ ಸೆಳೆತ ತೋಳಿನಿಂದ ಇಳಿದು ಬಂದು ಬೆರಳ ತುದಿಯಲ್ಲಿ ನಿಂತಿತು.

ಜಿಂಕೆ ಕದಲಲಿಲ್ಲ. ತೋಳು ಸೋಲತೊಡಗಿತು. ಆರ್ಲೀನ್ ಬೆರಳನ್ನು ಗುಂಡಿಯಿಂದ ಎತ್ತಿ ಹಿಂದಕ್ಕಿಟ್ಟಳು. ಆಮೇಲೆ ಬಾಣ ಬಿಡದೆ ನಿಧಾನವಾಗಿ ಹೆದೆಯನ್ನು ಇಳಿಸಿದಳು. ಆ ಅಲುಗಾಟಕ್ಕೇ ಜಿಂಕೆ ಬಿಳಿ ಬಾಲವೆತ್ತಿ ನೆಗೆದು ಮಾಯವಾಯಿತು.

"ಹೋಯ್ತಲ್ಲೇ ನನ್ನ ಸಾಸೇಜು," ಎಂದು ಪಿಸುಗುಟ್ಟಿದ ವೈನೊ ಅವಳತ್ತ ತಿರುಗಿ ಗಾಬರಿಯಾದ. ಆರ್ಲೀನಳ ಕೆನ್ನೆಯೆಲ್ಲ ಒದ್ದೆ. "ಅಯ್ಯೋ, ಅಳ್ಬೇಡ್ವೇ. ನಾಳೆ ಇನ್ನೊಂದು ಬರುತ್ತೆ."

"ಅದಕ್ಕಲ್ಲ ಕಣೋ. ಇಳಿಸ್ದೆ. ನಾನೇ ಇಳಿಸ್ದೆ."

ವೈನೊ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳಿಗೆ ಕೊಟ್ಟ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಆ ಕೈಗಳು ಈಗ ಅರ್ಧ ಕಾಫಿಯನ್ನು ಅವನ ಪ್ಯಾಂಟಿನ ಮೇಲೆ ಚೆಲ್ಲಿದವು. ಅವನು ಮುಚ್ಚಳವನ್ನು ಮತ್ತೆ ತುಂಬಿದ.